ಓರೆಯಾಗಿ ಮುರಿದ ಹಲ್ಲು

ಇಂಡಿ ಊರಿನ ದಂತ ಶಿಬಿರಕ್ಕೆ ಬಂದವಳೇ ಸಿಂದಗಿಗೂ ಬಂದಿದ್ದಳು. ಈಗ ಬಸವನ ಬಾಗೇವಾಡಿಯಲ್ಲೂ ಸರದಿಯ ಕೊನೆಗೆ ಅವಳೇ. ಕುರ್ಚಿಯಲ್ಲಿ ಕೂತಳು. ಬಾಯಿ ಮಾತ್ರ ತೆರೆಯಲಿಲ್ಲ.

ವೃಂದಾ ದೀಪ ಆರಿಸಿದಳು. ಇಂಗ್ಲೆಂಡಿನಿಂದ ಬಂದ ದಂತವೈದ್ಯ ವಿದ್ಯಾರ್ಥಿಗಳ ತಂಡದಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ. ಚಡಚಣದ ಅಜ್ಜಿ ಇಂಗ್ಲೆಂಡಿಗೇ ಹೋಗಿ ಇದ್ದು ಅವಳನ್ನು ಸಾಕಿದ್ದಳು. ಹಾಗಾಗಿ ಹಲ್ಲು ಕೀಳುವವರು ಎಲ್ಲರೂ, ಗೋಳು ಕೇಳುವವಳು ವೃಂದಾ.

"ಹಲ್ಲ ನೋವಿಲ್ಲಂದ್ರ ಯಾಕ ಬರ್ತೀರಿ, ಅವ್ವಾರ?"

ಹೆಂಗಸು ಸುತ್ತಮುತ್ತ ನೋಡಿದಳು. ಹೆಸರು ಸುಂದರವ್ವ ಎಂದಳು.

"ಒಬ್ಬಾಂವನ್ನ ಹುಡುಕಾಕತ್ತೇನ್ರಿ ಡಾಕ್ಟರಬಾಯಾರ. ನನ್ನ ಮನಿ ಕತ್ತಲ ಮಾಡಿ ಹೋಗ್ಯಾನ. ನೀವು ಎಲ್ಲಾರ ಬಾಯಿ ನೋಡ್ತೀರಲ್ಲ."

ತನ್ನ ಮೇಲಿನ ಮುಂಬಲ್ಲಿನ ಮೇಲೆ ಹೆಬ್ಬೆರಳಿನ ಉಗುರಿಟ್ಟು ಓರೆಯಾಗಿ ಗೀರಿದಳು. ಅವನ ಹಲ್ಲು ಹೀಗೆ ಮುರಿದಿದೆ. ಇಲ್ಲಿಂದ ಇಲ್ಲಿಗೆ. ಒಂದು ಕೂದಲೆಳೆ ಆಚೆಗಿಲ್ಲ, ಈಚೆಗಿಲ್ಲ.

ವೃಂದಾ ಅವನ ಹೆಸರು ಕೇಳಿದಳು. ಸುಂದರವ್ವ ತಲೆ ತಗ್ಗಿಸಿದಳು, ಅಷ್ಟೆ.

ವೃಂದಾಗೆ ಅಷ್ಟೇ ಸಾಕಾಯಿತು. ಅವಳಜ್ಜಿ ಸಾಯುವವರೆಗೂ ಅಜ್ಜನ ಹೆಸರನ್ನು ನಾಲಿಗೆಯ ಮೇಲೆ ತಂದವಳಲ್ಲ. ಆಸ್ಪತ್ರೆಯವರು ಕೇಳಿದರೂ ಮೊಮ್ಮಗಳ ಕಡೆ ಕೈ ತೋರಿಸುತ್ತಿದ್ದಳು. ಈ ಸೀಮೆಯ ಹೆಂಗಸು ಬಾಯಿಬಿಟ್ಟು ಹೆಸರು ಹೇಳದ ಗಂಡಸು ಲೋಕದಲ್ಲಿ ಒಬ್ಬನೇ. ಸುಂದರವ್ವನ ಹಣೆಯಲ್ಲಿ ಕುಂಕುಮವಿತ್ತು, ಕೈತುಂಬ ಹಸಿರು ಬಳೆ. ಅಂದರೆ ಎಲ್ಲೋ ಬದುಕಿದ್ದಾನೆ, ಓಡಿಹೋದ ಭೂಪ.

ಬಿಟ್ಟು ಹೋಗಿ ಎಷ್ಟು ದಿನವಾಯಿತು ಎಂದು ಮೆಲ್ಲಗೆ ವಿಚಾರಿಸಿದಳು. ಮನೆಯಲ್ಲಿ ದೀಪಾವಳಿ ಮಾಡಿ ಮೂರು ವರ್ಷವಾಯಿತು ಎಂದಳು ಸುಂದರವ್ವ. ಫೋಟೊ ಇಲ್ಲ. ವಯಸ್ಸು ಗೊತ್ತಿಲ್ಲ. ಆ ಹಲ್ಲು ಮಾತ್ರ ಗೊತ್ತು.

ಒಬ್ಬರ ಬಾಯಿಯ ಸಂಗತಿ ಇನ್ನೊಬ್ಬರ ಕಿವಿಗೆ ಹೋಗಕೂಡದು ಎಂದು ತಂಡದ ಹಿರಿಯ ವೈದ್ಯೆ ಮೊದಲ ದಿನವೇ ತಾಕೀತು ಮಾಡಿದ್ದಳು. ವೃಂದಾ ಹೂಂಗುಟ್ಟಿದ್ದಳು ಕೂಡ. ಆದರೆ ಉಳಿದದ್ದು ನಾಲತವಾಡ ಒಂದೇ. ಅದು ಮುಗಿದರೆ ವಿಮಾನ. ಅಲ್ಲಿ ಸಿಗದಿದ್ದರೆ ಈ ಹೆಂಗಸಿಗೆ ಅವನು ಇನ್ನೆಂದೂ ಸಿಗುವುದಿಲ್ಲ.

ಎದ್ದು ಹೊರಟ ಸುಂದರವ್ವ ತಿರುಗಿ ಬಂದು ಅವಳ ಕೈ ಹಿಡಿದಳು. "ಸಿಕ್ಕರ ಆ ಹಲ್ಲ ದುರಸ್ತಿ ಮಾಡಬ್ಯಾಡ್ರಿ. ಮೊದಲ ನಾ ನೋಡಬೇಕು."

ನಾಲತವಾಡದಲ್ಲಿ ಶಾಲೆಯ ಕೋಣೆಯೇ ದವಾಖಾನೆಯಾಯಿತು. ಮಧ್ಯಾಹ್ನದ ಹೊತ್ತಿಗೆ ಟಂಟಂ ಆಟೊ ಓಡಿಸುವ ಗುರುನಾಥ ಬಂದು ಕುರ್ಚಿಯಲ್ಲಿ ಕಾಲು ಚಾಚಿದ.

"ನಿಮ್ಮೂರಾಗ ಯಾರಿಗೂ ಹಲ್ಲ ಇಲ್ಲೇನ್ರಿ ಮೇಡಂ, ಇಷ್ಟ ದೂರ ಬಂದೀರಿ?"

ಸರದಿಯಲ್ಲಿದ್ದವರೆಲ್ಲ ನಕ್ಕರು. ವೃಂದಾಳೂ ನಕ್ಕಳು. ಅವನು ಬಾಯಿ ತೆರೆದ. ಅವಳ ಕೈಯಲ್ಲಿದ್ದ ಪುಟ್ಟ ಕನ್ನಡಿ ಅಲ್ಲೇ ನಿಂತಿತು.

ಮೇಲಿನ ಮುಂಬಲ್ಲು. ಓರೆ. ಅದೇ ಗೀರು.

ಹೇಗೆ ಮುರಿಯಿತು ಎಂದು ಕೇಳಿದಳು. ಹಿಂದೆ ಬೋರ್‌ವೆಲ್ ಗಾಡಿಯ ಜೊತೆ ಊರೂರು ತಿರುಗುತ್ತಿದ್ದೆ, ಯಾವುದೋ ಊರಿನ ಬಾವಿಯ ಮೆಟ್ಟಿಲಲ್ಲಿ ಜಾರಿದೆ ಎಂದ. ಈ ಸಲ ನಗಲಿಲ್ಲ. ಬಾಗಿಲ ಬಳಿ ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ವೃಂದಾಗೆ ಮೈಯೆಲ್ಲ ಉರಿದುಹೋಯಿತು. ಅಲ್ಲೊಬ್ಬಳು, ಇಲ್ಲೊಬ್ಬಳು. ನಾಳೆ ಮುಂಜಾನೆ ಬಾ, ಹೊಸದರಂತೆ ಮಾಡಿಕೊಡುತ್ತೇನೆ ಎಂದು ಸಕ್ಕರೆಯಂಥ ಮಾತಾಡಿ ಕಳಿಸಿದಳು.

ಸುಂದರವ್ವನಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿದಾಗ ಅವಳು ಅಳುತ್ತಾಳೆ ಎಂದುಕೊಂಡಿದ್ದಳು. ಅಳಲಿಲ್ಲ. ಹೇಗಿದ್ದಾನೆ ಎಂದೂ ಕೇಳಲಿಲ್ಲ. ಹಲ್ಲು ಹಾಗೇ ಇದೆಯೇ ಎಂದಷ್ಟೇ ಕೇಳಿದಳು.

ಮರುದಿನ ಗುರುನಾಥ ದೀಪದ ಕೆಳಗೆ ಮಲಗಿದ್ದಾಗ ಸುಂದರವ್ವ ಒಳಗೆ ಬಂದಳು. ಜೊತೆಗೆ ಬಂದ ಹಿರಿಯನೊಬ್ಬ ಬಾಗಿಲು ಮುಂದೆ ಮಾಡಿ ಅದಕ್ಕೇ ಬೆನ್ನು ಕೊಟ್ಟು ನಿಂತ. ಅಣ್ಣನಿರಬೇಕು ಅಂದುಕೊಂಡಳು ವೃಂದಾ.

ಗುರುನಾಥ ಕತ್ತೆತ್ತಿ ನೋಡಿದ. "ಯಾರ್ರಿ ಇವರು?"

ಕಟ್ಟಿಕೊಂಡವಳನ್ನೇ ಯಾರು ಅನ್ನುತ್ತಾನಲ್ಲ, ಎಂಥ ಭಂಡ.

ಸುಂದರವ್ವ ಸೆರಗಿನ ಗಂಟು ಬಿಚ್ಚಿದಳು. ಅಕ್ಕಿಕಾಳಿನಷ್ಟು ಬಿಳಿಯ ಚೂರೊಂದನ್ನು ವೃಂದಾಳ ಅಂಗೈಗೆ ಹಾಕಿ, ಹಚ್ಚಿ ನೋಡಲು ಸನ್ನೆ ಮಾಡಿದಳು. ವೃಂದಾ ಚಿಮಟದಲ್ಲಿ ಹಿಡಿದು ಮುರಿದ ಅಂಚಿಗೆ ತಾಗಿಸಿದಳು. ಚೂರು ಅಂಚಿಗೆ ಅಂಚು ಕೂತಿತು. ಬಿರುಕೂ ಕಾಣಲಿಲ್ಲ. ಗುರುನಾಥ ಅವಳ ಕೈ ಸರಿಸಿ ಬಾಗಿಲ ಕಡೆ ನೋಡಿದ.

"ನಿಮಗ ಹೊಡಿಯಾಕ ಬಂದಾಗ ಮುರದದ್ದೇನ್ರಿ ಇದು?" ಎಂದಳು ವೃಂದಾ.

"ನನ್ನ ಯಜಮಾನ್ರು ಬಾಗಲದಾಗ ನಿಂತಾರ್ರಿ," ಎಂದಳು ಸುಂದರವ್ವ. "ಈತನ್ನ ನಾ ಇವತ್ತ ಮೊದಲ ಸಲ ನೋಡಾಕತ್ತೇನಿ. ಮಗಳನ್ನ ಬಾವ್ಯಾಗಿಂದ ತಗದು ಮೈ ತೊಳಿಯುಮುಂದ ಆಕಿ ಮುಷ್ಟಿ ಬಿಡಿಸಿದ್ನಿ. ಆ ಚೂರು ಅದರಾಗಿತ್ತು."