ನೀಲವ್ವನ ಉಕ್ಕಿನ ಸೈಕಲ್

"ಉಕ್ಕಿನ ಫ್ರೇಮ್ ಭಾರ, ಆದ್ರ ಒಮ್ಮೆ ಕಲ್ತ ಹಾದಿ ಮರಿಯೂದಿಲ್ರಿ. ಅಲ್ಯೂಮಿನಿಯಂ ಹಗುರ, ಎರಡು ಮಳಿಗಾಲಕ್ಕ ಮರೀತೈತಿ. ಕಾರ್ಬನ್ನಿಗೆ ನೆನಪ ಇಲ್ಲ, ತಿರುಗಿಸಿದ ಕಡೆ ಹೋಗತೈತಿ." ಗದಗಿನ ಸೈಕಲ್ ಅಂಗಡಿಯ ದಸ್ತಗೀರ್ ಸಾಬರು ಎಲ್ಲ ಗಿರಾಕಿಗಳಿಗೂ ಹೇಳುವುದನ್ನೇ ಹೇಳಿದರು.

ಕಾಲೇಜಿಗೆ ಸೈಕಲ್ ಕೊಳ್ಳಲು ಅವ್ವನೊಡನೆ ಬಂದಿದ್ದ ನೀಲವ್ವನ ಮಗಳು ಸೌಜನ್ಯಾ ಕಾರ್ಬನ್ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ನಕ್ಕಳು. ನೀಲವ್ವ ಪಟ್ಟಿ ಸುತ್ತಿದ ಮಣಿಕಟ್ಟನ್ನು ಒತ್ತಿಕೊಳ್ಳುತ್ತ ಬೇಡವೆಂದು ತಲೆಯಾಡಿಸಿದಳು. "ಉಕ್ಕಿಂದ ಕೊಡ್ರಿ. ಕಾಲೇಜಿಂದ ಸೀದಾ ಮನಿಗೆ ಕರಕೊಂಡು ಬರ್ತೈತಿ."

"ನಿಮ್ಮ ಗಾಡೀನೂ ನೋಡಿಬಿಡ್ತೀನಿ," ಎಂದು ಸಾಬರು ನೀಲವ್ವನ ಹಳೆಯ ಉಕ್ಕಿನ ಸೈಕಲ್ಲನ್ನು ರಸ್ತೆಗಿಳಿಸಿ, ತಮ್ಮ ರೂಢಿಯಂತೆ ಹ್ಯಾಂಡಲ್ ಬಿಟ್ಟು ತಳ್ಳಿದರು. ಅದು ನೆಟ್ಟಗೆ ಹೋಗಿ, ಸರ್ಕಲ್ಲಿನಲ್ಲಿ ಬಲಕ್ಕೆ ಹೊರಳಿತು.

"ನಿಮ್ಮ ಮನಿ ಎಡಕ್ಕಲ್ಲೇನ್ರಿ?"

"ಹೌದ್ರಿ. ಅದು ತವರಮನಿಯಾಗ ಕಲ್ತ ಗಾಡಿ, ಆ ಹಾದೀಗೆ ಹೊರಳತೈತಿ. ದಿನಾ ಇಲ್ಲೇ ಹಟ ಹಿಡೀತೈತಿ, ಎಳದು ತಿರುಗಸ್ತೀನಿ."

ಸೌಜನ್ಯಾ ಅವ್ವನ ಮಣಿಕಟ್ಟನ್ನೇ ನೋಡಿದಳು. "ಮದುವಿ ಆದಾಗಿಂದನೂ ಏನವ್ವಾ?"

ನೀಲವ್ವ ಓಡಿಹೋಗಿ ಸೈಕಲ್ಲನ್ನು ಹಿಡಿದು ತಂದಳು. ಸ್ಟ್ಯಾಂಡ್ ಹಾಕಿ, ಸೀಟಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಸಾಬರ," ಎಂದಳು, "ಹುಡುಗಿಗೆ ಕಾರ್ಬನ್ನಿಂದ ಕೊಡ್ರಿ."