ಬೇವಕೂಫ

ಹೊಸ ಗಾದಿಯ ಹತ್ತಿಯ ವಾಸನೆ ಬಂದರೆ ಸಾಕು, ಈಗಲೂ ನಾನು ತೋಳು ಕೊಡವಿಕೊಳ್ಳುತ್ತೇನೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಅಜ್ಜಿ ನಮ್ಮ ಹೊಲದ ಹತ್ತಿಯನ್ನು ಬೈಲಹೊಂಗಲದ ಸಾಬರ ಅಂಗಡಿಯಲ್ಲಿ ಹಿಂಜಲು ಕೊಟ್ಟು, ನನ್ನನ್ನು ಕಾವಲಿಗೆ ಕೂರಿಸಿದಳು. "ಹಿಡಿ ಹಿಡಿ ಹತ್ತಿ ಮಾಯ ಮಾಡ್ತಾರ. ಕಣ್ಣ ಕೀಳಬ್ಯಾಡ, ಬೇವಕೂಫ!" ಎಂದು ಕಿವಿಯಲ್ಲಿ ಹೇಳಿ ಸಂತೆಗೆ ಹೋದಳು.

ಹಿಂಜುವ ಬಿಲ್ಲು ಟುಂಯ್ ಟುಂಯ್ ಎನ್ನುತ್ತಿತ್ತು. ಹತ್ತಿ ಹಾಲಿನ ನೊರೆಯಂತೆ ಏಳುತ್ತಿತ್ತು. ಸಾಬರು ಕೆಮ್ಮಿದರೂ ನನಗೆ ಅನುಮಾನ, ಬಗ್ಗಿದರೂ ಅನುಮಾನ. ಕೂತು ಕೂತು ಬೇಸರವಾಗಿ ಕೇಳಿದೆ, "ಸಾಬ್ರ, ಬೇವಕೂಫ ಅಂದ್ರೇನ್ರಿ?"

"ಅದು ಫಾರ್ಸಿ ಕಡಿಂದ ಬಂದ ಮಾತು, ತಂಗಿ. ಬೇ ಅಂದ್ರ ಇಲ್ಲ, ವಕೂಫ ಅಂದ್ರ ಅರಿವು. ಕಣ್ಣಮುಂದ ಏನ್ ನಡದೈತಿ ಅನ್ನೂದು ತಿಳೀದಾವ ಬೇವಕೂಫ."

ಆಮೇಲೆ ಅವರು ಹಿಂಜಿದ ನಮ್ಮ ಹತ್ತಿಯನ್ನು ಗಂಟು ಕಟ್ಟಿಟ್ಟು, "ಅಂಗಡಿ ಕಡೆ ಲಕ್ಷ ಇರ್ಲಿ," ಎಂದು ನನಗೇ ಹೇಳಿ ನಮಾಜಿಗೆ ಹೋದರು. ಪಕ್ಕದಲ್ಲಿ ಬೇರೆ ಯಾರದೋ ಹತ್ತಿಯ ರಾಶಿಯಿತ್ತು. ಹೇಗೂ ನಮ್ಮದನ್ನು ಕದ್ದೇ ಇರುತ್ತಾರೆ ಎಂದುಕೊಂಡು, ಅದರಿಂದ ಎರಡು ತೆಕ್ಕೆ ಎತ್ತಿ ನಮ್ಮ ಗಂಟಿಗೆ ತುರುಕಿದೆ.

ತಿರುಗಿ ಬಂದ ಸಾಬರು ನಮ್ಮ ಗಂಟನ್ನೂ ಆ ರಾಶಿಯನ್ನೂ ನೋಡಿದರು. ನನ್ನ ತೋಳಿಗೆ ಅಂಟಿದ್ದ ಹತ್ತಿಯ ಎಳೆಯೊಂದನ್ನು ಮೆಲ್ಲಗೆ ಬಿಡಿಸಿ ಆ ಇನ್ನೊಬ್ಬರ ರಾಶಿಯ ಮೇಲಿಟ್ಟರು. ನಮ್ಮ ಗಂಟನ್ನು ಬಿಚ್ಚದೆ ಹಾಗೇ ನನ್ನ ಕೈಗಿಟ್ಟರು.

ಮನೆಯಲ್ಲಿ ಅಜ್ಜಿ ಗಂಟು ತೂಗಿದಳು. ಕಸ ಹೋಗಿದ್ದರೂ ತೂಕ ಕೊಟ್ಟಾಗಿನದಕ್ಕಿಂತ ಹೆಚ್ಚಾಗಿತ್ತು.

"ಸಾಬ್ರು ಎಂಥಾ ಬೇವಕೂಫ ಅದಾರ ನೋಡ!" ಎಂದು ಅಜ್ಜಿ ಬಾಯ್ತುಂಬ ನಕ್ಕಳು.

ನನಗೆ ನಗು ಬರಲಿಲ್ಲ. ತೋಳಿನ ಮೇಲೆ ಇನ್ನೂ ಏನೋ ಅಂಟಿಕೊಂಡಂತಿತ್ತು.