ಹಸಿರು ಚೌಕಳಿ ಬಟ್ಟೆ

ಆ ಅಂಗಿ ತಾನು ಹೊಲಿದದ್ದೇ. ಅದರಲ್ಲಿ ಟೈಲರ್ ಲಿಯಾಕತ್ ಅಲಿಗೆ ಅನುಮಾನವಿರಲಿಲ್ಲ. ಅದು ಈ ಹುಡುಗನ ಮೈಮೇಲೆ ಹೇಗೆ ಬಂತು ಎಂಬುದೇ ಅವನ ಅನುಮಾನ.

ಚಿಕ್ಕನಾಯಕನಹಳ್ಳಿಯ ಕೊಬ್ಬರಿ ಗೋಡೌನಿನ ಮುಂದೆ ಹುಡುಗ ಗೋಲಿ ಆಡುತ್ತಿದ್ದ. ಹಸಿರು ಚೌಕಳಿಯ ಅಂಗಿ. ಆ ಬಟ್ಟೆಯ ಇಡೀ ಥಾನನ್ನು ತುಮಕೂರಿನಿಂದ ತಂದವನು ಲಿಯಾಕತ್. ಶೆಟ್ಟಿಕೆರೆ ರಸ್ತೆಯ ಆಶ್ರಮದ ಮಕ್ಕಳಿಗೆ ತಲಾ ಎರಡು ಜೊತೆ ಹೊಲಿದು ಪುಕ್ಕಟೆ ಕೊಟ್ಟಿದ್ದ. ಎಚ್‌ಐವಿ ಇರುವ ಮಕ್ಕಳ ಆಶ್ರಮ ಅದು. ಈ ಹುಡುಗ ಅಲ್ಲಿಯವನಲ್ಲ.

ಮಾರನೆಯ ದಿನ ಸಂತೆಯಲ್ಲಿ ಅದೇ ಚೌಕಳಿಯ ಫ್ರಾಕು ಕಂಡಿತು. ತೊಟ್ಟವಳು ಹೂ ಮಾರುವವಳ ಮಗಳು.

ಲಿಯಾಕತ್‌ಗೆ ಆಶ್ರಮದವರೇ ಬಟ್ಟೆ ಮಾರಿಕೊಂಡಿದ್ದಾರೆ ಎನ್ನಿಸಿತು. ಬೇರೆ ಟೈಲರ್‌ಗಳು ಅಳತೆಗೆ ಹಳೇ ಬಟ್ಟೆ ಕಳಿಸಿ ಎಂದು ಜಾರಿಕೊಂಡಾಗ, ತಾನೇ ಟೇಪು ಹಿಡಿದು ಹೋಗಿ ಒಂದೊಂದು ಮಗುವಿನ ಅಳತೆ ತೆಗೆದವನು ಅವನು. ವರ್ಷಕ್ಕೊಂದು ಬಣ್ಣ, ದೂರಕ್ಕೇ ಎದ್ದು ಕಾಣುವಂಥದ್ದು. ಆಶ್ರಮದ ಮಕ್ಕಳನ್ನು ಜನ ನೋಡಬೇಕು, ನೋಡಿ ತಾವೂ ಏನಾದರೂ ಕೊಡಬೇಕು ಎಂಬ ಆಸೆ ಅವನದು. ಈಗ ನೋಡಿದರೆ ಬೇಲಿಯೇ ಎದ್ದು ಹೊಲ ಮೇಯುತ್ತಿರುವ ಹಾಗಿದೆ.

ಶುಕ್ರವಾರ ಸಂಜೆ ಸೈಕಲ್ ಹತ್ತಿ ಆಶ್ರಮಕ್ಕೆ ಹೋದ. ಗೇಟಿನ ಬೋರ್ಡು ಇರಲಿಲ್ಲ. ಹೋದ ವರ್ಷ ಇತ್ತು, ಈಗ ಬರೀ ಮೊಳೆಗಳು. ಒಳ್ಳೆ ಕೆಲಸ ಮಾಡುವವರು ಹೆಸರನ್ನೇಕೆ ಬಚ್ಚಿಡಬೇಕು? ಅಂಗಳದ ಹಗ್ಗದ ಮೇಲೆ ಒಂದು ಬಟ್ಟೆಯೂ ಇಲ್ಲ. ಒದ್ದೆ ಬಟ್ಟೆಯನ್ನೆಲ್ಲ ಒಳಗಿನ ಕೋಣೆಯಲ್ಲಿ ಹರವಿದ್ದರು. ಎಲ್ಲದರಲ್ಲೂ ಕಳ್ಳತನವೇ ಕಂಡಿತು ಅವನಿಗೆ.

ಮಕ್ಕಳೆಲ್ಲ ಹಳೇ ಬಟ್ಟೆಯಲ್ಲಿದ್ದರು. ಪುಟ್ಟ ಸ್ಪಂದನ ಓಡಿಬಂದು ಅವನ ಕೈ ಹಿಡಿದಳು.

"ಹೊಸ ಬಟ್ಟೆ ಎಲ್ಲವ್ವ?"

"ನಾಳೆ ಹಾಕ್ಕೋತೀವಿ ಮಾಮ. ಶನಿವಾರ ಸ್ಕೂಲಿಗೆ ಬಣ್ಣದ ಬಟ್ಟೆ."

"ಇನ್ನೊಂದು ಜೊತೆ?"

ಹುಡುಗಿ ಮೇಲ್ವಿಚಾರಕಿ ಲಕ್ಷ್ಮಿದೇವಮ್ಮನ ಮುಖ ನೋಡಿ ಒಳಗೆ ಓಡಿದಳು.

"ಟ್ರಂಕು ತೆಗೀರಿ," ಎಂದ ಲಿಯಾಕತ್.

ಲಕ್ಷ್ಮಿದೇವಮ್ಮ ತೆಗೆದಳು. ಮಗುವಿಗೆ ಒಂದೊಂದೇ ಜೊತೆ ಇತ್ತು.

"ಅರ್ಧ ಎಲ್ಲೋಯ್ತು?"

"ಕೊಟ್ಬುಟ್ವಿ."

"ಯಾರಿಗೆ?"

"ಬೇಕಾದೋರಿಗೆ."

"ಮಾರ್ಕೊಂಡ್ವಿ ಅನ್ರೀ! ಈ ಮಕ್ಳ ಮೈಮೇಲಿನ ಬಟ್ಟೇನೂ ಬುಡಲ್ವಲ್ರೀ ನೀವು. ಸೋಮವಾರ ತಾಲ್ಲೂಕು ಆಫೀಸ್ಗೆ ಅರ್ಜಿ ಕೊಡ್ತೀನಿ. ಬಾಗ್ಲು ಮುಚ್ಚಿಸ್ತೀನಿ."

ಲಕ್ಷ್ಮಿದೇವಮ್ಮನಿಗೆ ಸಿಟ್ಟು ಬರಲಿಲ್ಲ. ಅದು ಅವನನ್ನು ಇನ್ನಷ್ಟು ಕೆರಳಿಸಿತು.

"ಕೊಡಿ ಸಾಬ್ರೇ. ಅದಕ್ಕೂ ಮುಂಚೆ ನಾಳೆ ಬೆಳಿಗ್ಗೆ ಸ್ಕೂಲ್ ಹತ್ರ ಒಂದ್ಸಲ ಹೋಗಿ ನೋಡಿ. ಆದ್ರೆ ಅಲ್ಲಿ ನಮ್ಮ ಹುಡುಗ್ರನ್ನ ಮಾತ್ರ ಮಾತಾಡಿಸ್ಬೇಡಿ."

ಮಾತಾಡಿಸಿದರೆ ಮಕ್ಕಳು ಬಾಯಿಬಿಡುತ್ತವೆಂಬ ಭಯ! ಲಿಯಾಕತ್‌ಗೆ ಇನ್ನಾವ ಸಾಕ್ಷಿಯೂ ಬೇಕಿರಲಿಲ್ಲ. ದಾರಿಯುದ್ದಕ್ಕೂ ಅರ್ಜಿಯ ಒಕ್ಕಣೆಯನ್ನೇ ಯೋಚಿಸುತ್ತಾ ಮನೆಗೆ ಬಂದ.

ಬೆಳಿಗ್ಗೆ ಸರ್ಕಾರಿ ಶಾಲೆಯ ಗೇಟಿನಲ್ಲಿ ನಿಂತವನು ದಂಗಾದ. ಮೈದಾನದ ತುಂಬ ಹಸಿರು ಚೌಕಳಿ. ಗೋಡೌನಿನ ಹುಡುಗ, ಹೂವಿನವಳ ಮಗಳು, ಗುರುತಿಲ್ಲದ ಇನ್ನೆಷ್ಟೋ ಮಕ್ಕಳು. ನಡುವೆ ಆಶ್ರಮದವರು.

ಗೇಟಿನ ಪಕ್ಕ ಸೀಬೆಹಣ್ಣು ಮಾರುತ್ತಿದ್ದ ಹನುಮಂತಮ್ಮ ಕರೆದಳು.

"ಹೋದ್ ವರ್ಷ ಆಶ್ರಮದವಕ್ಕೆ ನೀಲಿ ಬಟ್ಟೆ ಹೊಲ್ದೋರು ನೀವೇ ಅಲ್ವಾ ಸಾಬ್ರೇ? ಒಳ್ಳೇ ಕೆಲ್ಸ ಮಾಡಿದ್ರಿ ಕಣ್ರೀ. ಪೇಟೆ ಸ್ಕೂಲ್ನೋರು ಆ ಬಟ್ಟೆ ನೋಡೇ ಗುರ್ತು ಹಿಡಿದ್ರು. ಪಕ್ಕದಲ್ಲಿ ಯಾರೂ ಕೂತ್ಕೊಳ್ಳಿಲ್ಲ, ನಲ್ಲಿ ಮುಟ್ಟಾಕೆ ಬುಡ್ಲಿಲ್ಲ. ಕೊನೆಗೆ ಅಷ್ಟೂ ಹುಡುಗ್ರನ್ನ ಸ್ಕೂಲ್ ಬುಡಿಸೇ ಕಳ್ಸಿದ್ರು."

ಲಿಯಾಕತ್‌ಗೆ ಈ ಸುದ್ದಿಯನ್ನು ಆಶ್ರಮದಲ್ಲಿ ಯಾರೂ ಹೇಳಿರಲಿಲ್ಲ. ಪುಕ್ಕಟೆ ಹೊಲಿದುಕೊಟ್ಟವನ ಮನಸ್ಸು ನೋಯಬಾರದೆಂದು ಲಕ್ಷ್ಮಿದೇವಮ್ಮ ನುಂಗಿಕೊಂಡಿದ್ದಳು.

"ಈ ವರ್ಷ ಅವನ್ನ ನಮ್ಮ ಸ್ಕೂಲ್ಗೇ ತಂದು ಸೇರಿಸವ್ರಂತೆ. ಆದ್ರೆ ಯಾರೋ ಪುಣ್ಯಾತ್ಮರು ಮೇಷ್ಟ್ರ ಕೈಲಿ ಊರಿನ್ ಹುಡುಗ್ರಿಗೂ ಈ ಬಟ್ಟೆ ಹಂಚಿಸ್ಬುಟ್ಟವ್ರೆ. ಯಾವ್ದು ನಮ್ದು, ಯಾವ್ದು ಅವ್ರದು, ಒಂದೂ ತಿಳಿಯಾಕಿಲ್ಲ." ಹನುಮಂತಮ್ಮ ಎದ್ದು ಹತ್ತಿರ ಬಂದಳು. "ನನ್ನ ಮೊಮ್ಮಗಳೂ ಅಲ್ಲೇ ಆಡ್ತಾವ್ಳೆ. ಅಳತೆ ತಗೊಂಡೋರು ನೀವು, ನಿಮ್ಗೆ ಮುಖ ಗೊತ್ತಿರ್ತದೆ. ಆಶ್ರಮದವು ಯಾವ್ಯಾವು, ಒಸಿ ತೋರ್ಸಿ."

ಮೈದಾನದಲ್ಲಿ ಸ್ಪಂದನ ಇನ್ನೊಬ್ಬ ಹುಡುಗಿಯ ಹೆಗಲ ಮೇಲೆ ಕೈ ಹಾಕಿ ನಗುತ್ತಿದ್ದಳು. ಗೇಟಿನತ್ತ ತಿರುಗಿದವಳು ಲಿಯಾಕತ್‌ನನ್ನು ಕಂಡಳು. ಅವಳ ನಗು ನಿಂತಿತು.

ಲಿಯಾಕತ್ ಅವಳನ್ನು ನೋಡಿಯೂ ನೋಡದವನಂತೆ ಮುಖ ತಿರುಗಿಸಿದ.

"ನಂಗೂ ಗೊತ್ತಾಗ್ತಿಲ್ಲ ಕಣಮ್ಮ," ಎಂದ. "ಎಲ್ಲಾ ನಮ್ಮೂರ್ ಮಕ್ಳ ಹಂಗೇ ಕಾಣ್ತವೆ."